ಮೆರಿಟ್ಟಿನ ತಕ್ಕಡಿ ಯಾರ ಕೈಯಲ್ಲಿದೆ?

(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)

ಗೆಳೆಯರೆ,

ನಾವು ಕಾಲೇಜಿನ ಬಾಗಿಲಿಗೆ ಹೋದರೆ ಮೊದಲು ಕೇಳೋ ಮಾತು, 'ಮೆರಿಟ್ ಎಲ್ಲಿ?' ಇವತ್ತು ನಾವೂ ಒಂದು ಮಾತು ಕೇಳೋಣ. ಆ ಮೆರಿಟ್ಟನ್ನು ತೂಗುವ ತಕ್ಕಡಿ ಯಾರ ಕೈಯಲ್ಲಿದೆ?

ಹಿಂದೆ ಮೈಸೂರು ರಾಜ್ಯದ ಇಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಲ್ಲಿ ಪರೀಕ್ಷೆಯ ಅಂಕದ ಜೊತೆಗೆ ಸಂದರ್ಶನವೂ ಇತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದಲ್ಲಿ ಶೇಕಡ 25ರಷ್ಟು ಅಂಕ ಈ ಸಂದರ್ಶನಕ್ಕೆ. ನೋಡುತ್ತಿದ್ದದ್ದೇನು? ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ., ಆಟ, ಚರ್ಚೆ, ನಾಟಕ. 1964ರಲ್ಲಿ ಚಿತ್ರಲೇಖಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಿತು. ಗೌಡರ ಕೊಟ್ಟಿಗೆಯ ಸಗಣಿ ಬಾಚಿ ಸ್ಕೂಲಿಗೆ ಓಡಿದ ಹುಡುಗನಿಗೆ ಎಲ್ಲಿಯ ನಾಟಕ, ಎಲ್ಲಿಯ ಎನ್.ಸಿ.ಸಿ.? ಕೂತುಕೋ ಅಂದರೂ ನಿಂತೇ ಇರುವುದನ್ನು ಊರು ಕಲಿಸಿದೆಯಲ್ಲ, ಆ ವ್ಯಕ್ತಿತ್ವಕ್ಕೆ ಎಷ್ಟು ಅಂಕ?

ಆಮೇಲೆ ದುಡ್ಡಿನ ತಕ್ಕಡಿ ಬಂತು. 1989ರ ಸರ್ಕಾರಿ ಅಧಿಸೂಚನೆ ಪ್ರಕಾರ ಖಾಸಗಿ ಮೆಡಿಕಲ್ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ. ಉಳಿದ ಸೀಟುಗಳಿಗೆ ರಾಜ್ಯದವರಿಗೆ 25,000, ಹೊರಗಿನವರಿಗೆ 60,000ದವರೆಗೆ. ಮೋಹಿನಿ ಜೈನ್ ಮೊಕದ್ದಮೆಯಲ್ಲಿ 1992ರಲ್ಲಿ ಸುಪ್ರೀಂ ಕೋರ್ಟೇ ಇದನ್ನು ಕ್ಯಾಪಿಟೇಷನ್ ಅಂದಿತು. ಹಾಗಿದ್ದರೂ 2005ರ ತೀರ್ಪಿನಲ್ಲಿ ಶೇಕಡ 15ರವರೆಗೆ ಎನ್.ಆರ್.ಐ. ಸೀಟಿಗೆ ಅವಕಾಶ ಸಿಕ್ಕಿತು. ಅದಕ್ಕೆ ಕೋಟಾ ಅಂತ ಯಾರೂ ಮೂಗು ಮುರಿಯೋದಿಲ್ಲ!

1994ರಿಂದ ಸಿ.ಇ.ಟಿ. ಬಂತು. ಒಳ್ಳೇದೇ ಆಯ್ತು. ಮುಖ ನೋಡಿ ಅಂಕ ಹಾಕುವುದು ಅಷ್ಟರಮಟ್ಟಿಗೆ ತಪ್ಪಿತು. ಆದರೆ ಒಂದೇ ಪ್ರಶ್ನೆಪತ್ರಿಕೆ ಕೊಟ್ಟರೆ ಸಮಾನತೆ ಬಂದಂತಾಯಿತೆ? ಒಬ್ಬನಿಗೆ ಎರಡು ವರ್ಷ ಲಕ್ಷಗಟ್ಟಲೆ ಸುರಿದು ಕೋಚಿಂಗು. ಇನ್ನೊಬ್ಬಳಿಗೆ ಸೈನ್ಸ್ ಮೇಷ್ಟ್ರೇ ಇಲ್ಲದ ಸ್ಕೂಲು. ಪರೀಕ್ಷೆಯ ಅಂಕವೊಂದೇ ಮೆರಿಟ್ ಅಲ್ಲ, ಅದರ ಹಿಂದೆ ಮನೆ, ದುಡ್ಡು, ಓದಿದ ಪರಂಪರೆ ಇರುತ್ತೆ ಅಂತ 2022ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿದೆ.

ಇನ್ನೊಂದು ಕೇಳಿ. 2023ರಲ್ಲಿ ಮೆಡಿಕಲ್ ಸ್ನಾತಕೋತ್ತರ ಸೀಟು ಖಾಲಿ ಉಳಿದಾಗ ಎಲ್ಲಾ ವರ್ಗದವರಿಗೂ ನೀಟ್ ಅರ್ಹತೆಯ ಗೆರೆಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಬೇಕಾದಾಗ ಇಳಿಯುವ ಗೆರೆ ನಾವು ಬಂದಾಗ ಮಾತ್ರ ಕಲ್ಲಿನ ಗೆರೆ ಯಾಕಾಗುತ್ತೆ?

ಬಾಬಾಸಾಹೇಬರು 1913ರಲ್ಲಿ ಬರೋಡಾ ಮಹಾರಾಜರ ಸ್ಕಾಲರ್‌ಷಿಪ್ ಪಡೆದು ಕೊಲಂಬಿಯಾಕ್ಕೆ ಹೋದರು. ಬಾಗಿಲು ತೆಗೆದದ್ದು ಸ್ಕಾಲರ್‌ಷಿಪ್ಪು. ಒಳಗೆ ಹೋಗಿ ಓದಿದವರು ಬಾಬಾಸಾಹೇಬರೆ. ಮೀಸಲಾತಿಯೂ ಹಾಗೆ. ಬಾಗಿಲು ತೆಗೆಯುತ್ತೆ, ಪರೀಕ್ಷೆ ಬರೆದು ಪಾಸಾಗೋರು ನಾವೇ.

ಆದ್ದರಿಂದ ಗೆಳೆಯರೆ, 'ಕೋಟಾದವನು' ಅಂದಾಗ ತಲೆ ತಗ್ಗಿಸಬೇಡಿ. ಜಾತಿ ಸರ್ಟಿಫಿಕೇಟು, ಆದಾಯದ ಸರ್ಟಿಫಿಕೇಟು ಮೊದಲೇ ಮಾಡಿಸಿಡಿ. ಸೀಟು ಸಿಕ್ಕವರು ರಜಕ್ಕೆ ಊರಿಗೆ ಹೋದಾಗ ಕೇರಿಯ ಮಕ್ಕಳಿಗೆ ಲೆಕ್ಕ, ಇಂಗ್ಲಿಷು ಹೇಳಿಕೊಡಿ, ಅವರ ಅರ್ಜಿ ತುಂಬಿಕೊಡಿ. ಯಾವ ಕಾಲೇಜಲ್ಲಿ ನಮ್ಮ ಸೀಟು ಎಷ್ಟು, ಎಷ್ಟು ತುಂಬಿದೆ ಅಂತ ಹಾಸ್ಟೆಲಿನವರೆಲ್ಲ ಕೂಡಿ ಹೋಗಿ ಲೆಕ್ಕ ಕೇಳೋಣ. ತಕ್ಕಡಿ ಅವರೊಬ್ಬರ ಕೈಯಲ್ಲೇ ಇರೋದು ಬೇಡ.

ಜೈ ಭೀಮ್.