ಅಂಗಡಿ ಮಾರುವ ಮುನ್ನ

ನಾನು ಸಾಫ್ಟ್‌ವೇರ್‌ನವಳು, ವ್ಯಾಪಾರದವಳಲ್ಲ. ಆದರೆ ಪುಣೆಯಲ್ಲಿ ನಮ್ಮತ್ತೆ 22 ವರ್ಷ ನಡೆಸಿದ ಹಪ್ಪಳ, ಸಾರಿನಪುಡಿ ಅಂಗಡಿಯನ್ನು ಮಾರಲು ಹೊರಟಾಗ ಕಾಗದಪತ್ರ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಒಬ್ಬರೇ ಮಾಲೀಕರ ವ್ಯಾಪಾರಕ್ಕೆ ಕಾನೂನಿನಲ್ಲಿ ಬೇರೆ ಅಸ್ತಿತ್ವವಿಲ್ಲ. ಜಿಎಸ್‌ಟಿ ನೋಂದಣಿ ಅತ್ತೆಯ ಪ್ಯಾನ್ ಮೇಲಿದೆ. ಕೊಳ್ಳುವವರು ತಮ್ಮದೇ ನೋಂದಣಿ ಮಾಡಿಸಬೇಕು. ಹೊಣೆಗಳೂ ಸೇರಿ ಮಾರಿದರೆ ಉಳಿದ ತೆರಿಗೆ ಜಮೆಯನ್ನು ಐಟಿಸಿ-02 ನಮೂನೆಯಲ್ಲಿ ವರ್ಗಾಯಿಸಬಹುದು. ಅಂಗಡಿಯ ಲೀವ್ ಅಂಡ್ ಲೈಸೆನ್ಸ್ ಕರಾರೂ ಅವರ ಹೆಸರಿನದೇ. ಜಾಗದ ಮಾಲೀಕರು ಒಪ್ಪದಿದ್ದರೆ ಮಾರಲು ಉಳಿಯುವುದು ಗಿರಣಿ, ತಕ್ಕಡಿ, ಹೆಸರು, ಅಷ್ಟೇ. ಗೋಡೆಯ ಮೇಲಿನ ಕ್ಯೂಆರ್ ಕೋಡ್ ಕೂಡ ಅತ್ತೆಯ ಖಾತೆಯದು!

ಲೆಕ್ಕದ್ದು ಇನ್ನೊಂದು ಕಥೆ. ಮನೆಗೆ ಒಯ್ದ ಬೇಳೆಗೆ, ಅತ್ತೆಯ ದುಡಿಮೆಗೆ ಎಲ್ಲೂ ಲೆಕ್ಕವಿರಲಿಲ್ಲ. ಕೊಳ್ಳಲು ಬಂದವರು "ನೀವಿಲ್ಲದಿದ್ದರೆ ಲಾಭ ಎಷ್ಟು?" ಎಂದರು. ನ್ಯಾಯವಾದ ಪ್ರಶ್ನೆ. ಅತ್ತೆಯ ಜಾಗಕ್ಕೆ ಸಂಬಳದವರನ್ನು ಇಟ್ಟರೆ ಎಷ್ಟಾಗುತ್ತದೆಂದು ಕಳೆದು ನೋಡಿದೆವು; ಲಾಭ ಅರ್ಧಕ್ಕಿಳಿಯಿತು. ಅತ್ತೆ ಸುಮ್ಮನೆ ಕುಳಿತರು. ಅಷ್ಟು ವರ್ಷ ತಾವು ಪಡೆಯದ ಸಂಬಳ ಅವರಿಗೆ ಅಂದೇ ಮೊದಲು ಕಾಣಿಸಿರಬೇಕು.

ಮಾರಾಟವನ್ನು ಒಂದು ವರ್ಷ ಮುಂದೂಡಿದ್ದೇವೆ. ಅಷ್ಟರಲ್ಲಿ ಅಳತೆಗಳನ್ನೆಲ್ಲ ಗ್ರಾಮಿನಲ್ಲಿ ಬರೆದಿಡಬೇಕು. "ಒಂದು ಹಿಡಿ ಅಂದರೆ ಒಂದು ಹಿಡಿ" ಎನ್ನುತ್ತಾರೆ ಅತ್ತೆ; ನಾನು ತಕ್ಕಡಿ ಹಿಡಿದು ಹಿಂದೆ ಓಡುತ್ತೇನೆ. ಕೆಲಸದ ಇಬ್ಬರು ಹೆಂಗಸರಿಗೆ ಮೊದಲೇ ಹೇಳಿದೆವು. ಊರಿಗೆಲ್ಲ ಗೊತ್ತಾಗಿ ಅವರಿಗೆ ಕಡೆಗೆ ತಿಳಿಯಬಾರದಲ್ಲ. ಒಬ್ಬಾಕೆ "ನಾನೇ ಕೊಂಡರೆ ಕಂತಿನಲ್ಲಿ ಕೊಡುತ್ತೀರಾ?" ಎಂದು ಕೇಳಿದ್ದಾರೆ. ಅತ್ತೆ ಇನ್ನೂ ಉತ್ತರ ಕೊಟ್ಟಿಲ್ಲ. ಆದರೆ ಮಸಾಲೆ ಹುರಿಯುವಾಗ ಈಗೀಗ ಆಕೆಯನ್ನೇ ಪಕ್ಕಕ್ಕೆ ಕರೆದು ನಿಲ್ಲಿಸಿಕೊಳ್ಳುತ್ತಾರೆ.