ಘಾಟಿಯ ತಿರುವಿನಲ್ಲೊಂದು ಸೈಕಲ್

ಹೆಬ್ರಿಯಿಂದ ಆಗುಂಬೆಯತ್ತ ಸೈಕಲ್ ತುಳಿದವರಿಗೆ ಸೋಮೇಶ್ವರ ದಾಟಿದ ಮೇಲೆ ನಿಜವಾದ ಪರೀಕ್ಷೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಮೊದಲ ತಿರುವಿನಲ್ಲೇ ಪೌರುಷ ತೋರಿಸಿದವರು ಅರ್ಧದಾರಿಯಲ್ಲಿ ಇಳಿದು ತಳ್ಳುತ್ತಾರೆ. ಉಸಿರನ್ನು ಉಳಿಸಿಟ್ಟುಕೊಂಡು ಏರುವುದನ್ನು ಈ ಘಾಟಿ ಬಿಟ್ಟಿಯಾಗಿ ಕಲಿಸುತ್ತದೆ.

ಇಂಥ ಏರಿಳಿತಗಳ ಸವಾಲೇ ಆದ ಗುಡ್ಡಗಾಡಿನ ಕ್ರಾಸ್‌ಕಂಟ್ರಿ ಸೈಕಲ್ ಸ್ಪರ್ಧೆ ಒಲಿಂಪಿಕ್ಸ್‌ಗೆ ಬಂದದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸೈಕಲ್ ಪಟು ಟಾಮ್ ಪಿಡ್‌ಕಾಕ್ ಸ್ಪರ್ಧೆಯ ನಡುವೆ ಪಂಕ್ಚರ್ ಆಗಿ ಹಿಂದೆ ಬಿದ್ದರೂ ಚಿನ್ನ ಗೆದ್ದರು. ಅವರಿಗೆ ಚಕ್ರ ಬದಲಿಸಿಕೊಡಲು ಜನರಿದ್ದರು ಎನ್ನಿ! ನಮ್ಮ ಹವ್ಯಾಸಿ ಸೈಕಲ್ಲಿಗರಿಗೆ ಪಂಪು, ಟ್ಯೂಬು ಎಲ್ಲವೂ ಬೆನ್ನ ಮೇಲೆ. ಒಂಬತ್ತಕ್ಕೆ ಕಚೇರಿಯೂ ಇದೆ.

ಕರಾವಳಿಯ ಮುರಕಲ್ಲು ಬೇಸಿಗೆಯಲ್ಲಿ ಟೈರನ್ನು ಬಿಗಿಯಾಗಿ ಹಿಡಿಯುತ್ತದೆ. ಮಳೆಗಾಲದಲ್ಲಿ ಪಾಚಿಗಟ್ಟಿದರೆ ಅದೇ ಕಲ್ಲು ಜಾರಿಸುತ್ತದೆ. ಟೈರಿನ ಗಾಳಿ ತುಸು ಇಳಿಸಬೇಕು, ಬ್ರೇಕನ್ನು ತಿರುವಿಗೆ ಮೊದಲೇ ಹಿಡಿಯಬೇಕು. ಪದಕಕ್ಕಿಂತ ಈ ವಿವೇಕವೇ ದೊಡ್ಡ ಗಳಿಕೆ ಎಂದು ನನಗನ್ನಿಸುತ್ತದೆ. ಹಾಗೆಂದು ಅಭ್ಯಾಸದ ನೆಪದಲ್ಲಿ ಸೋಮೇಶ್ವರ ವನ್ಯಜೀವಿಧಾಮದೊಳಗೆ ಅನುಮತಿಯಿಲ್ಲದೆ ನುಗ್ಗುವುದು ಸಾಹಸವಲ್ಲ, ಅಪರಾಧ. ಊರಿನ ಮಣ್ಣುದಾರಿಗಳು, ತೋಟದಂಚಿನ ಏರುಗಳು ಅಭ್ಯಾಸಕ್ಕೆ ಧಾರಾಳ ಸಾಕು.

ವಾಹನ ಓಡಿಸುವ ಕೇಳುಗರೇ, ಘಾಟಿಯಲ್ಲಿ ಏದುಸಿರು ಬಿಡುತ್ತಾ ಏರುವ ಸೈಕಲ್ಲಿಗರು ಎದುರಾದರೆ ಹಾರ್ನ್ ಬೇಡ, ಒಂದು ಮಾರು ಜಾಗ ಬಿಡಿ.