ರೋಮಿನ ಮಗುವಿನ ಎರಡು ನುಡಿಗಳು



ಪ್ರಾಚೀನ ರೋಮಿನ ಅಕ್ಷರಶಾಲೆಗೆ ಬಹುಮಟ್ಟಿಗೆ ಸ್ವಂತ ಕಟ್ಟಡವಿರಲಿಲ್ಲ. ಬಾಡಿಗೆಯ ಕೋಣೆಯಲ್ಲೋ ಕಂಬಸಾಲಿನ ನೆರಳಿನಲ್ಲೋ ನಸುಕಿನಲ್ಲಿಯೇ ಪಾಠ ಮೊದಲಾಗುತ್ತಿತ್ತು. ಬಾಲಕರು ಮೇಣ ತುಂಬಿದ ಮರದ ಹಲಗೆಯನ್ನು ತೊಡೆಯ ಮೇಲಿರಿಸಿಕೊಂಡು, ಓಲೆ ಕೊರೆಯುವ ಕಂಟವನ್ನು ಹೋಲುವ ಕಡ್ಡಿಯಿಂದ ಬರೆಯುತ್ತಿದ್ದರು. ತಪ್ಪಾದರೆ ಅದರ ಚಪ್ಪಟೆ ತುದಿಯಿಂದ ಮೇಣವನ್ನು ಸವರಿ ಅಳಿಸುತ್ತಿದ್ದರು. ಗುರುವಿನ ಗಳಿಕೆ ಅಲ್ಪವೇ. ಕ್ರಿ.ಶ. 301ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿ ಹೊರಡಿಸಿದ ಬೆಲೆಗಳ ಶಾಸನದಲ್ಲಿ ಅಕ್ಷರ ಕಲಿಸುವವನಿಗೆ ಬಾಲಕನೊಬ್ಬನಿಗೆ ತಿಂಗಳಿಗೆ 50 ಡಿನೇರಿಯಸ್, ವಾಗ್ಮಿತೆ ಕಲಿಸುವವನಿಗೆ 250 ಎಂದಿದೆ. ಹೊಲದ ಕೂಲಿಯಾಳಿಗೆ ಊಟವಲ್ಲದೆ ದಿನಕ್ಕೆ 25!

ಅನುಕೂಲಸ್ಥರ ಮಕ್ಕಳು ಎರಡು ನುಡಿ ಕಲಿಯುತ್ತಿದ್ದರು: ಮನೆಮಾತು ಲ್ಯಾಟಿನ್, ವಿದ್ಯೆಯ ನುಡಿ ಗ್ರೀಕ್. ಸ್ಪೇನಿನಲ್ಲಿ ಹುಟ್ಟಿ ರೋಮಿನಲ್ಲಿ ಬೋಧಿಸಿದ ಕ್ವಿಂಟಿಲಿಯನ್, ಮೊದಲನೆಯ ಶತಮಾನದ ಕೊನೆಯಲ್ಲಿ ಇದನ್ನು ಕುರಿತು ಸವಿವರವಾಗಿ ಬರೆದಿದ್ದಾನೆ. ಲ್ಯಾಟಿನ್ ಸುತ್ತಲಿನವರಿಂದ ತಾನಾಗಿ ಬರುವುದರಿಂದ ಗ್ರೀಕಿನಿಂದ ತೊಡಗಬಹುದೆಂಬುದು ಅವನ ಮತ. ಆದರೆ ಬಹುಕಾಲ ಗ್ರೀಕನ್ನಷ್ಟೇ ಆಡಿ ಓದಿದರೆ ಮಗುವಿನ ಉಚ್ಚಾರಣೆಯೂ ನುಡಿಗಟ್ಟೂ ಕೆಡುತ್ತವೆ; ಆದುದರಿಂದ ಲ್ಯಾಟಿನ್ ಬೇಗನೆ ಜೊತೆಗೂಡಬೇಕು, ಬಳಿಕ ಎರಡಕ್ಕೂ ಸಮನಾದ ಗಮನ ಸಿಕ್ಕರೆ ಒಂದು ಇನ್ನೊಂದಕ್ಕೆ ಅಡ್ಡಿಯಾಗದು ಎನ್ನುತ್ತಾನೆ. ಈ ಮಾತಿನ ಮೊದಲರ್ಧ ಗಡಿನಾಡಿಗೆ ಹೊಂದದು. ರೋಮಿನಲ್ಲಿ ಮನೆಮಾತೇ ಬೀದಿಯ, ನ್ಯಾಯಾಲಯದ ಮಾತಾಗಿತ್ತು. ಕಾಸರಗೋಡಿನ ಕನ್ನಡ ಮಗುವಿಗೆ ಕಚೇರಿಯ ಮಾತು ಬೇರೆ. ಎರಡನೆಯ ಅರ್ಧವಾದರೋ ಇಲ್ಲಿ ಇನ್ನೂ ಹೆಚ್ಚು ಸಲ್ಲುತ್ತದೆ.

ಅಂದಹಾಗೆ, ಎಳೆಯರಿಗೆ ದಂತದ ಅಕ್ಷರಗಳನ್ನು ಆಟಿಕೆಯಾಗಿ ಕೊಡುವುದನ್ನು ಅವನು ಮೆಚ್ಚಿದ್ದಾನೆ. ಬೆತ್ತದ ಏಟನ್ನು ಖಂಡಿಸಿದ್ದಾನೆ.